ಕೊಟ್ರೇಶನ ಸುದ್ದಿ ಮುಟ್ಟಿಸುವ ಪ್ರೋಗ್ರಾಮು

ಮೈಲಾರೆಪ್ಪನವರು ತಾವು ತೀರಿಕೊಂಡ ಸುದ್ದಿಯನ್ನು ಓದಿದ್ದು ದೀಪ ಹಚ್ಚುತ್ತ ನಿಂತಿದ್ದಾಗ. ಬಲಗೈಯಲ್ಲಿ ಮೇಣದಬತ್ತಿ, ಎಡಗೈಯಲ್ಲಿ ಮೊಬೈಲು. ಟುಣ್ ಎಂದಿತು. ಓದಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ಗುತ್ತಲದ ಮೈಲಾರೆಪ್ಪನವರು ನಿಧನ, ಮಣ್ಣು ಇಂದೇ ಸಂಜೆ. ಅವರು ತಲೆಯೆತ್ತಿ ನೋಡುವಷ್ಟರಲ್ಲಿ ಸಭೆಯಲ್ಲಿದ್ದ ಅರ್ಧ ಮೊಬೈಲುಗಳು ಟುಣ್ ಟುಣ್ ಎನ್ನತೊಡಗಿದ್ದವು. ಜನ ಒಮ್ಮೆ ಕೈಯಲ್ಲಿದ್ದ ಮೊಬೈಲು ನೋಡುವುದು, ಒಮ್ಮೆ ವೇದಿಕೆಯ ಮೇಲಿದ್ದ ಮೃತರನ್ನು ನೋಡುವುದು.

ಅದು ಎರಡು ಸಾವಿರದ ಏಳನೆಯ ಇಸವಿ, ಹಾವೇರಿಯ ಒಂದು ಕಲ್ಯಾಣ ಮಂಟಪ. ಮೈಲಾರೆಪ್ಪನವರ ನಾಲ್ಕು ಪುಟದ ದಿನಪತ್ರಿಕೆ ‘ಹಾವೇರಿ ಹೊತ್ತು’ ಅಂದು ವೆಬ್‌ಸೈಟು ತೆರೆಯುವುದಿತ್ತು. ಅದರ ಜೊತೆಗೆ ಜಿಲ್ಲೆಯಲ್ಲಿ ಯಾರೂ ಕಂಡು ಕೇಳರಿಯದ ಇನ್ನೊಂದು ಸೇವೆ. ನಿಮ್ಮ ಊರಿನ ಹೆಸರು ಹೇಳಿ ಮೊಬೈಲ್ ನಂಬರು ಕೊಟ್ಟರೆ ಸಾಕು, ಆ ಊರಿನಲ್ಲಿ ಯಾರೇ ತೀರಿಕೊಂಡರೂ ಪತ್ರಿಕೆಯವರು ವೆಬ್‌ಸೈಟಿನಲ್ಲಿ ಹೆಸರು ಹಾಕಿದ ಕೂಡಲೇ ನಿಮಗೆ ಮೆಸೇಜು ಬರುತ್ತದೆ. ಸಾವಿನ ಸುದ್ದಿ ತಡವಾಗಿ ಮುಟ್ಟಿ ಮಣ್ಣಿಗೆ ಸಿಗದೇ ಹೋಗುವ ಸಂಕಟ ಇನ್ನು ಮುಂದೆ ಯಾರಿಗೂ ಇಲ್ಲ ಎಂದು ಬ್ಯಾನರಿನಲ್ಲಿ ಬರೆಸಿದ್ದರು. ಬ್ಯಾನರಿನ ಕೆಳಗೇ ಈ ಅನಾಹುತ.

ಪ್ರೋಗ್ರಾಮು ಬರೆದವನು ರಾಣೆಬೆನ್ನೂರಿನ ಕೊಟ್ರೇಶ. ವೇದಿಕೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ಹಿಂದಿನ ದಿನ ಪರೀಕ್ಷೆ ಮಾಡಿ ನೋಡಲು ಒಬ್ಬ ಸತ್ತವನು ಬೇಕಾಗಿದ್ದ. ಊರವರ ಹೆಸರು ಹಾಕಿದರೆ ಅಪಶಕುನ, ಬೀಗರ ಹೆಸರು ಹಾಕಿದರೆ ಜಗಳ. ಬೆರಳಿಗೆ ರೂಢಿಯಾಗಿದ್ದ ಮಾಲಕರ ಹೆಸರನ್ನೇ ಹಾಕಿ ಸುಮ್ಮನಿದ್ದ. ಪರೀಕ್ಷೆಗೆಂದು ಜನರ ನಂಬರುಗಳನ್ನು ಸೇರಿಸಿದ್ದು ಆಮೇಲೆ. ಈಗ ಪರದೆಯ ಮೇಲೆ ತೋರಿಸುವ ಮೊದಲು ಅದನ್ನು ಅಳಿಸಿಬಿಡೋಣವೆಂದು ತೆರೆದ. ಅವಸರದಲ್ಲಿ ಬೇರೆ ಗುಂಡಿ ಒತ್ತಿದ. ಏನಾದರೂ ಬದಲಾದರೆ ಎಲ್ಲರಿಗೂ ಹೇಳು ಎಂದು ಅವನೇ ಪ್ರೋಗ್ರಾಮಿಗೆ ಕಲಿಸಿದ್ದ. ಅದು ಹೇಳಿತು, ಅಷ್ಟೆ.

ಎರಡನೆಯ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ನಿರ್ಮಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲೋ, ಅಳು ತಡೆಯಲೋ ಎಂದು ಪಕ್ಕದವರಿಗೆ ತಿಳಿಯಲಿಲ್ಲ.

“ಕೊಟ್ರೇಶ ಸರ್,” ಎಂದರು ಮೈಲಾರೆಪ್ಪನವರು ಮೈಕಿನಲ್ಲೇ, “ದೀಪಾ ಹಚ್ಚೂದೋ, ಆರಸೂದೋ?”

ಸಭೆ ನಕ್ಕಿತು, ಮಾನ ಅರ್ಧ ಉಳಿಯಿತು. ಇನ್ನರ್ಧ ಊಟದ ಹೊತ್ತಿಗೆ ಹೋಯಿತು. ಗುತ್ತಲದಿಂದ ಮೈಲಾರೆಪ್ಪನವರ ಕಡೆಯವರು ಟೆಂಪೋ ಮಾಡಿಕೊಂಡು, ಹಾರ ಹಿಡಿದುಕೊಂಡು, ದಾರಿಯುದ್ದಕ್ಕೂ ಅತ್ತುಕೊಂಡು ಬಂದಿಳಿದರು. ಸತ್ತವರು ಹೋಳಿಗೆ ಬಡಿಸುತ್ತಿದ್ದರು. ತಂದ ಹಾರ ದಂಡವಾಗಬಾರದೆಂದು ಅದನ್ನೇ ಅವರ ಕೊರಳಿಗೆ ಹಾಕಿ ಸನ್ಮಾನ ಮಾಡಿ, ಎರಡೆರಡು ಹೋಳಿಗೆ ತಿಂದು ಹೋದರು. ಸುದ್ದಿ ಅಷ್ಟು ಲಗೂ ಮುಟ್ಟಿತಲ್ಲ ಎಂದು ನಾಲ್ಕೂರಿನ ಜನ ಮರುದಿನವೇ ಹೆಸರು ಹಚ್ಚಲು ಬಂದರೆಂಬುದು ಬೇರೆ ಮಾತು. ಆದರೆ ಮೈಲಾರೆಪ್ಪನವರು ಒಂದು ಕಟ್ಟಪ್ಪಣೆ ಮಾಡಿದರು: ಸತ್ತವರ ಮನೆಯವರೇ ಬಂದು ಬಾಯಿಬಿಟ್ಟು ಹೇಳುವವರೆಗೆ ಯಾರ ಹೆಸರನ್ನೂ ಹಾಕತಕ್ಕದ್ದಲ್ಲ.

ಕೊಟ್ರೇಶನಿಗೆ ಆಗ ನಲವತ್ತು ದಾಟಿತ್ತು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಕೆಳಗೆ ಹತ್ತಿಬೀಜ, ಮೇಲೆ ವಿದ್ಯಾಬೀಜ. ಮೊಳಕೆಯ ಭರವಸೆ ಕೆಳಗಿನವರು ಕೊಡುತ್ತಿದ್ದರು, ಮೇಲಿನವರು ಕೊಡುತ್ತಿರಲಿಲ್ಲ. ಅವನು ಕಲಿಸುವ ಪಿ.ಎಚ್.ಪಿ. ಎಂಬ ಕಂಪ್ಯೂಟರ್ ಭಾಷೆಯನ್ನು ಓಣಿಯವರು ಪಿಎಚ್‌ಡಿಯ ಚಿಕ್ಕಪ್ಪನ ಮಗನೆಂದು ತಿಳಿದು ಅವನಿಗೆ ನಮಸ್ಕಾರ ಮಾಡುತ್ತಿದ್ದರು. ಪ್ರೋಗ್ರಾಮಿನ ತುಂಡುಗಳಿಗೂ ಕ್ಲಾಸೆಂದೇ ಹೆಸರು. ಅವನ ಪ್ರೋಗ್ರಾಮಿನ ತುಂಬ ಕ್ಲಾಸುಗಳು, ಕ್ಲಾಸಿನ ತುಂಬ ಮಾತ್ರ ಹುಡುಗರಿರಲಿಲ್ಲ. ಇರುವ ಕೆಲವರ ಹೆಸರು ಹಚ್ಚಿಕೊಳ್ಳುವುದು, ಫ್ಯಾನು ಹಾಕುವುದು, ನೆಟ್ ನೆಟ್ಟಗಿದೆಯೇ ಎಂದು ನೋಡುವುದು ನಿರ್ಮಲಾಳ ಕೆಲಸ. ಬಾಗಿಲ ಬಳಿ ಅವಳಿಗೊಂದು ಟೇಬಲ್ಲು.

ಹಾವೇರಿಯ ಪ್ರಸಂಗವಾದ ಮೇಲೆ ಹುಡುಗರು ಆ ಪ್ರೋಗ್ರಾಮನ್ನೇ ಕಲಿಸಿರೆಂದು ಗಂಟುಬಿದ್ದರು. ಕೊಟ್ರೇಶ ಸಿಟ್ಟಾಗಲಿಲ್ಲ. ಸಿಟ್ಟಾಗುವ ಜಾತಿಯೇ ಅಲ್ಲ ಅವನು. ಒಳಗೇ ಗಂಟು ಹಾಕಿಟ್ಟುಕೊಳ್ಳುವ ಜಾತಿ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ‘ಅಬ್ಸರ್ವರ್’ ಎಂದು ಬರೆದ.

“ಹಳೇ ರೀತಿ ಹೆಂಗಿತ್ತಪಾ ಅಂದ್ರ, ಗಳಿಗಿಗೊಮ್ಮೆ ಹೋಗಿ ಕೇಳೂದು. ಏನರ ಆತೇನು? ಇಲ್ಲ. ಏನರ ಆತೇನು? ಇಲ್ಲ. ಕೇಳಾಂವಗೂ ತ್ರಾಸ, ಹೇಳಾಂವಗೂ ತ್ರಾಸ. ಅದಕ್ಕ ಇದು. ಒಂದ್ ಸಲ ಹೆಸರು ಹಚ್ಚಿ ಸುಮ್ಮನ ಕುಂದ್ರು. ಏನರ ಆದ್ರ ನಿನಗ ತಾನ ಹೇಳ್ತಾರ.”

“ಮನ್ಯಾಗ ತೀರಿಕೊಂಡ್ರ ಬೀಗರಿಗೆ ಹೇಳಿ ಕಳಿಸಿದಂಗ ಏನ್ರಿ ಸರ್?” ಎಂದ ಮೇಡ್ಲೇರಿಯ ಹುಡುಗನೊಬ್ಬ.

“ಬರೋಬ್ಬರಿ!” ಕೊಟ್ರೇಶನ ಮುಖ ಅರಳಿತು. “ಒಂದು ಮನ್ಯಾಗ ಸಾವಾತು. ಮನಿಯವರು ಯಾರ್ ಯಾರಿಗೆ ಹೇಳಬೇಕೋ ಅಷ್ಟೂ ಮಂದಿಗೆ ಹೇಳಿ ಕಳಿಸ್ತಾರ. ನೀ ಬಂದು ಏನ್ ಮಾಡ್ತಿ ಅನ್ನೂದು ಅವರಿಗೆ ಬೇಕಾಗಿಲ್ಲ. ಒಬ್ಬಾಂವ ಹಾರಾ ತರ್ತಾನ, ಒಬ್ಬಾಂವ ಕುಣಿ ತೋಡಾಕ ಹೊಕ್ಕಾನ, ಒಬ್ಬಾಕಿ ಕುಂತು ಅಳ್ತಾಳ. ಮನಿಯವರದು ಒಂದ ಕೆಲಸ, ಹೇಳೂದು. ನಮ್ಮ ಪ್ರೋಗ್ರಾಮಿನ್ಯಾಗೂ ಹಂಗ. ಒಂದು ಆಬ್ಜೆಕ್ಟ್, ಆ ಮನಿಯವರಂಗ, ಸುದ್ದಿ ಇಟ್ಟಕೊಂಡಿರತೈತಿ. ಅದಕ್ಕ ಮೂರ ಮಾತು ಗೊತ್ತು. ಹೆಸರು ಹಚ್ಚು, ಹೆಸರು ತಗಿ, ಎಲ್ಲಾರಿಗೂ ಹೇಳು. ಕೇಳಿದ ಮ್ಯಾಲೆ ಒಂದು ಆಬ್ಜೆಕ್ಟ್ ಮೊಬೈಲಿಗೆ ಮೆಸೇಜ್ ಹಾಕ್ತೈತಿ, ಇನ್ನೊಂದು ವೆಬ್‌ಸೈಟಿನ್ಯಾಗ ಫೋಟೋ ಹಚ್ತೈತಿ, ಮತ್ತೊಂದು ಪ್ರೆಸ್ಸಿಗೆ ಕಳಿಸ್ತೈತಿ. ಒಂದಕ್ಕೊಂದು ಸಂಬಂಧ ಇಲ್ಲ.”

“ಒಬ್ಬರಿಗೆ ಮುಟ್ಟದಿದ್ರ?” ಎಂದಳು ನಿರ್ಮಲಾ ಬಾಗಿಲ ಬಳಿಯಿಂದ. ಫೀ ಕಟ್ಟದೆ ಕ್ಲಾಸು ಕೇಳುವವಳು ಅವಳೊಬ್ಬಳೇ.

“ಅದನ್ನ ಆಮ್ಯಾಲೆ ನೋಡೂಣಂತ,” ಎಂದ ಕೊಟ್ರೇಶ.

ಮೇಡ್ಲೇರಿಯ ಹುಡುಗ ಮತ್ತೆ ಕೈಯೆತ್ತಿದ. “ಹೆಸರು ಹಚ್ಚದಾಂವಗ ಸರ್?”

ಕೊಟ್ರೇಶ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದ. “ಅಂವಗ ಇಲ್ಲ,” ಎಂದು ಹಲಗೆ ಒರೆಸಿದ.

ಹುಡುಗರಿಗೆ ಅದು ಪಾಠದ ಕೊನೆ. ನಿರ್ಮಲಾಗೆ ಅದು ಮನೆಯ ಮಾತು.

ಕೊಟ್ರೇಶನ ತವರು ಬ್ಯಾಡಗಿ. ಗಂಡಸಿಗೆ ತವರೆನ್ನುವುದಿಲ್ಲ ನಿಜ. ಆದರೆ ಹೋಗಲಾಗದ ಮನೆಯನ್ನು ಬೇರೇನೆಂದು ಕರೆಯುವುದು? ಅಲ್ಲಿ ಅವನ ಅಣ್ಣ ಸೋಮಣ್ಣ ಇದ್ದ, ಅಣ್ಣನ ಜೊತೆ ತಾಯಿ ಗದಿಗೆವ್ವ ಇದ್ದಳು. ಎಂಟೊಂಬತ್ತು ವರ್ಷದ ಹಿಂದೆ ತಂದೆ ತೀರಿಕೊಂಡಾಗ ಕೊಟ್ರೇಶ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ. ಸೋಮಣ್ಣ ಆಳು ಅಟ್ಟಿದ. ಆಳು ಹಳೆಯ ಖೋಲಿಗೆ ಹೋಗಿ ಬೀಗ ನೋಡಿ, ಬಾಗಿಲ ಮುಂದೆ ಒಂದು ಬೀಡಿ ಸೇದಿ, ತಿರುಗಿ ಬಂದ. ಕೊಟ್ರೇಶ ಖೋಲಿ ಬದಲಿಸಿದ್ದನ್ನು ಮನೆಗೆ ತಿಳಿಸಿರಲಿಲ್ಲ. ಹೇಳಿದ್ದಾಗಿದೆ, ಇನ್ನೂ ಬರಲಿಲ್ಲವೆಂದರೆ ಏನು ಮಾಡುವುದೆಂದು ಹಿರಿಯರು ಮಣ್ಣು ಮುಗಿಸಿದರು. ಮರುದಿನ ಸುದ್ದಿ ತಿಳಿದು ಬಂದ ಕೊಟ್ರೇಶ ಬೀಗರು ಬಿಜ್ಜರೆಲ್ಲ ಕೂತಿದ್ದ ಅಂಗಳದಲ್ಲಿ ನಿಂತು, ನೀನು ಬೇಕಂತಲೇ ಹೇಳಿ ಕಳಿಸಲಿಲ್ಲ ಎಂದುಬಿಟ್ಟ. ಹೇಳಿ ಕಳಿಸಲಿಲ್ಲ ಎನ್ನುವುದು ಈ ಕಡೆ ಸಣ್ಣ ಮಾತಲ್ಲ. ಕಪಾಳಕ್ಕೆ ಹೊಡೆದದ್ದನ್ನು ಮರೆಯುತ್ತಾರೆ. ಸಾವಿಗೆ ಹೇಳಿ ಕಳಿಸದ್ದನ್ನು ಮೊಮ್ಮಕ್ಕಳಿಗೂ ದಾಟಿಸುತ್ತಾರೆ.

“ಹಂಗಾರ ಇನ್ನ ಮ್ಯಾಲೆ ನನ್ನ ಬಾಯಿಲೆ ನಿನಗ ಏನೂ ಹೇಳಂಗಿಲ್ಲ,” ಎಂದ ಸೋಮಣ್ಣ.

“ಹೇಳದ ನಾನೂ ಈ ಹೊಸ್ತಿಲಾ ತುಳ್ಯಾಂವಲ್ಲ,” ಎಂದ ಕೊಟ್ರೇಶ.

ಇಬ್ಬರೂ ಮಾತಿಗೆ ತಪ್ಪುವವರಲ್ಲ. ಒಬ್ಬರಾದರೂ ಸ್ವಲ್ಪ ಕೆಟ್ಟವರಿದ್ದಿದ್ದರೆ ಗದಿಗೆವ್ವನಿಗೆ ಚೆನ್ನಾಗಿತ್ತು. ಗಂಡ ಹೋಗದ ಮನೆಗೆ ನಿರ್ಮಲಾ ಒಬ್ಬಳೇ ಹೋಗುವ ಹಾಗಿರಲಿಲ್ಲ. ಮುದುಕಿಗೆ ಹಿರಿಯ ಮಗನ ಮನೆ ಬಿಟ್ಟು ಬರುವ ಶಕ್ತಿ ಇರಲಿಲ್ಲ. ವರ್ಷಗಳು ಹಾಗೇ ಸವೆದವು. ಈಗ ಕೊಟ್ರೇಶನಿಗೆ ಉಳಿದಿದ್ದು ಒಂದೇ ಹೆದರಿಕೆ. ಅವ್ವನೂ ಹಾಗೇ ಹೋಗಿಬಿಟ್ಟರೆ, ಯಾರೂ ಹೇಳದೆ, ಅವಳ ಮಣ್ಣಿಗೂ ತಾನು ಸಿಗದೆ. ಬಾಯಿಬಿಟ್ಟು ಅವನು ಹೇಳಿದವನಲ್ಲ. ಸಾವಿನ ಸುದ್ದಿ ಮುಟ್ಟಿಸುವ ಸೇವೆಯೆಂಬ ವಿಚಾರವನ್ನು ಮೈಲಾರೆಪ್ಪನವರ ತಲೆಗೆ ಹಾಕಿದವನೇ ಅವನೆಂದು ಗೊತ್ತಾದಾಗ ನಿರ್ಮಲಾಗೆ ಉಳಿದದ್ದು ತಾನಾಗಿ ತಿಳಿಯಿತು.

ಹಾವೇರಿಯ ಗೊಂದಲದ ಮರುವಾರ ಪರೀಕ್ಷೆಯ ನಂಬರುಗಳನ್ನೆಲ್ಲ ತೆಗೆದುಹಾಕಿದರು. ಬ್ಯಾಡಗಿಯವರ ಸಾಲಿನ ಕೊನೆಯಲ್ಲಿ ಹೊಸದಾಗಿ ಒಂದು ನಂಬರು ಸೇರಿದ್ದನ್ನು ನಿರ್ಮಲಾ ನೋಡಿದಳು. ಗಂಡನದು. ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಂದಿನಿಂದ ಬ್ಯಾಡಗಿಯ ಸಾವುಗಳೆಲ್ಲ ಕೊಟ್ರೇಶನ ಅಂಗಿಯ ಜೇಬಿಗೆ ಬರತೊಡಗಿದವು. ಪಾಠದ ನಡುವೆ ಟುಣ್ ಎನ್ನುವುದು. ಅವನು ಮಾತು ನಿಲ್ಲಿಸಿ, ಚಷ್ಮಾ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ತಂದು ಓದುವನು. ಯಾರೋ ಮಾಸ್ತರರು. ಯಾರೋ ಬಾಣಂತಿ. ಓದಿ, ಜೇಬಿಗಿಟ್ಟು, ಎಲ್ಲಿಗೆ ಬಂದಿದ್ವಿ ಎಂದು ಹುಡುಗರನ್ನು ಕೇಳುವನು. ಅವನ ಭುಜ ಇಳಿಯುವುದನ್ನು ನಿರ್ಮಲಾ ಬಾಗಿಲ ಬಳಿಯಿಂದ ನೋಡುವಳು. ಪರರ ಸಾವಿನಿಂದ ಹೀಗೆ ನಿರಾಳವಾಗುವುದು ಪಾಪವೋ ಏನೋ. ಆ ಪಾಪದಲ್ಲಿ ಅವಳಿಗೂ ಪಾಲಿತ್ತು. ಟುಣ್ ಎಂದಾಗ ಅವಳ ಪೆನ್ನೂ ನಿಲ್ಲುತ್ತಿತ್ತು.

ಬ್ಯಾಡಗಿಯಲ್ಲಿ ಹೆಸರು ಹಾಕುವವನು ಮೌಲಾಸಾಬ. ಅಲ್ಲಿ ಎಸ್.ಟಿ.ಡಿ. ಬೂತು, ಝೆರಾಕ್ಸು, ಈಗ ಕಂಪ್ಯೂಟರು. ಕೆಲಸ ಕಲಿಯಲು ರಾಣೆಬೆನ್ನೂರಿಗೆ ಬಂದಾಗ ನಿರ್ಮಲಾ ಚಹಾ ಕೊಟ್ಟು, ಕೊಟ್ರೇಶ ಒಳಗಿದ್ದುದನ್ನು ನೋಡಿ, ದನಿ ತಗ್ಗಿಸಿದಳು.

“ಮೌಲಾಸಾಬಣ್ಣಾರ, ಸೋಮಣ್ಣಾರ ಮನಿ ನಿಮಗ ಗೊತ್ತಲ್ರಿ. ಅಲ್ಲೇನರ ಹೆಚ್ಚು ಕಡಿಮಿ ಆತಂದ್ರ, ದೊಡ್ಡ ಮನಸ ಮಾಡಿ ಲಗೂನ ಹಾಕಿಬಿಡ್ರಿ.”

“ಹೆಂಗ ಹಾಕ್ಲಿ ಅಕ್ಕಾರ?” ಎಂದ ಮೌಲಾಸಾಬ. “ಮನಿಯವರು ಬಂದು ಹೇಳದ ಹಾಕಬ್ಯಾಡ ಅಂದಾರ ಮಾಲಕರು. ಅವರು ಒಮ್ಮೆ ಸತ್ತು ಬಂದವರು, ಅವರ ಮಾತು ಮೀರಾಕ ಆಗಂಗಿಲ್ರಿ.”

ಅಂದರೆ ಸುತ್ತಿ ಬಳಸಿ ಎಲ್ಲವೂ ಸೋಮಣ್ಣನ ಬಾಯಿಗೇ ಬಂದು ನಿಂತಿತು. ನಡುವೆ ಇಷ್ಟು ಯಂತ್ರಗಳು ಬಂದರೂ.

ಸಂಕ್ರಾಂತಿಯ ಸುಮಾರಿಗೆ ಗದಿಗೆವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳೆಂದು ಮೌಲಾಸಾಬ ಫೋನು ಮಾಡಿದ. ರಾತ್ರಿ ರೊಟ್ಟಿ ಬಡಿಸುತ್ತ ನಿರ್ಮಲಾ ಮಾತು ತೆಗೆದಳು.

“ಅತ್ತಿಯವರಿಗೆ ಭಾಳ ಆರಾಮಿಲ್ಲಂತ.”

“ಯಾರು ಹೇಳಿದ್ರು?”

“ಮೌಲಾಸಾಬಣ್ಣ.”

“ಮೌಲಾಸಾಬ ಮನಿಯಾಂವೇನು?”

“ಅಲ್ರೀ, ಸೊಂಟಾ ಮುರದಿದ್ದು ಮನಿಯವರು ಹೇಳಿದ್ರಷ್ಟ ಖರೇ ಏನು? ಒಂದ್ ಸಲ ಹೋಗಿ ಬರ್ರಿ. ಬಸ್ಸಿನ್ಯಾಗ ಕುಂತ್ರ ಒಂದ್ ನಿದ್ದಿ ಆಗೂದ್ರಾಗ ಬ್ಯಾಡಗಿ ಬರತೈತಿ.”

“ಹೇಳಿ ಕಳಿಸ್ಲಿ. ಊಟಾ ಬಿಟ್ಟ ಎದ್ದ ಹೊಕ್ಕೇನಿ.”

“ಅವರು ಹೇಳಂಗಿಲ್ಲ, ನೀವು ಹೋಗಂಗಿಲ್ಲ. ಚಲೋ ಆತಲ್ಲ. ನಡುವ ಆ ಮುದುಕಿ ಬಾಗಲಾ ನೋಡಕೋತ ಬಿದ್ದಿರ್ಲಿ.”

ಕೊಟ್ರೇಶ ರೊಟ್ಟಿ ಮುರಿದ. ಮುರಿದ ತುಣುಕನ್ನು ಮತ್ತೆ ಮುರಿದ. ತಿನ್ನಲಿಲ್ಲ. ಮೊಬೈಲನ್ನು ಅಂಗಿಯ ಜೇಬಿನಿಂದ ತೆಗೆದು, ಸಿಗ್ನಲ್ಲು ಇದೆಯೇ ಎಂದು ನೋಡಿ, ತಾಟಿನ ಪಕ್ಕದಲ್ಲಿಟ್ಟುಕೊಂಡ.

ಫೆಬ್ರವರಿಯಲ್ಲಿ ಮೌಲಾಸಾಬ ಇನ್ನೊಂದು ತಕರಾರು ತಂದ. ಕೊಟ್ರೇಶ ಕ್ಲಾಸಿನಲ್ಲಿದ್ದ, ಫೋನು ನಿರ್ಮಲಾ ಎತ್ತಿದಳು. ಬ್ಯಾಡಗಿಯ ತಿರಕಪ್ಪನೆಂಬವನು ಮೊದಮೊದಲು ಹೆಸರು ಹಚ್ಚಿದವರಲ್ಲಿ ಒಬ್ಬನಂತೆ, ಹೋದ ತಿಂಗಳು ತೀರಿಕೊಂಡನಂತೆ. ಅವನ ಮೊಬೈಲು ಈಗ ಹೆಂಡತಿ ಗುಡ್ಡವ್ವನ ಕೈಯಲ್ಲಿ. ಊರಲ್ಲಿ ಯಾರು ಸತ್ತರೂ ಸತ್ತ ಗಂಡನಿಗೆ ಮೆಸೇಜು ಬರುತ್ತದೆ.

“ನನ್ನ ಗಂಡಗ ಅವರು ಅಲ್ಲೇ ಭೆಟ್ಟಿ ಆಗ್ತಾರ, ನೀವ್ಯಾಕ ಹೇಳಾಕ ಬರ್ತೀರಿ ಅಂತ ಬೈಯಾಕತ್ತಾಳ್ರಿ,” ಎಂದ ಮೌಲಾಸಾಬ. “ಹೆಸರು ತಗಿ ಅಂತ ಒಂದು ಗುಂಡಿ ಐತಿ. ಒತ್ತಲೇನ್ರಿ? ಒತ್ತಾಕ ಮನಸ ಬರವಲ್ದು. ಸತ್ತು ಇನ್ನಾ ವರ್ಷ ಆಗಿಲ್ಲ. ವರ್ಷದ ಎಡಿ ಆಗೂತನ ಹೆಸರು ತಗಿಯೂದು ಚಲೋ ಅನಿಸೂದಿಲ್ರಿ.”

ನಿರ್ಮಲಾಗೂ ಚಲೋ ಅನಿಸಲಿಲ್ಲ. ಪಡಿತರ ಚೀಟಿಯಲ್ಲೂ ಸತ್ತವರ ಹೆಸರನ್ನು ನಾಲ್ಕು ವರ್ಷ ಬಿಟ್ಟಿರುವ ಜನ ನಾವು. ಸಕ್ಕರೆಯ ಆಸೆಗೆಂದು ಸರ್ಕಾರ ತಿಳಿದರೆ ಅರ್ಧ ಮಾತ್ರ ನಿಜ.

“ಹೆಸರು ತಗೀಬ್ಯಾಡ್ರಿ ಪಾಪ. ಹೆಸರು ಅಲ್ಲೇ ಇರ್ಲಿ. ಅದರ ಮುಂದಿನ ನಂಬರ್ ಅಷ್ಟ ಅಳಿಸ್ರಿ. ಮೆಸೇಜ್ ಹೆಂಗ ಹೋಗತೈತಿ?”

“ಇದು ಬರೋಬ್ಬರಿ ಅಕ್ಕಾರ,” ಎಂದು ಮೌಲಾಸಾಬ ಫೋನಿಟ್ಟ.

ಗಂಡನಿಗೆ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಕರೆಂಟು ಹೋಯಿತು, ಹುಡುಗರು ಗದ್ದಲ ಮಾಡಿದರು, ಮರೆತಳು. ಆ ವಾರ ಬ್ಯಾಡಗಿಯಲ್ಲಿ ಯಾರೂ ಸಾಯಲಿಲ್ಲ. ಮೈಲಾರೆಪ್ಪನವರು ಫೋನು ಮಾಡಿ, ಸೈಟೇನಾದರೂ ಕೆಟ್ಟಿದೆಯೇ ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಕೊಟ್ರೇಶ ಹಾವೇರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟ. ಪತ್ರಿಕೆಯ ಕೆಲಸವಿರಬೇಕೆಂದು ನಿರ್ಮಲಾ ಕೇಳಲಿಲ್ಲ. ಮಧ್ಯಾಹ್ನ ಅವಳು ಕ್ಲಾಸಿನ ಬಾಗಿಲು ಮುಚ್ಚುತ್ತಿರುವಾಗ ಮೌಲಾಸಾಬನ ಫೋನು ಬಂತು.

“ಅಕ್ಕಾರ, ಸರ್ ಮುಂಜಾನೇನ ಬಂದಾರ, ನೀವಿನ್ನಾ ಬರಲಿಲ್ಲಲ್ರಿ? ಗದಿಗೆವ್ವಾಯಿದು ಸಂಜಿಗೆ ಮಣ್ಣು.”

ಬೀಗ ಅವಳ ಕೈಯಲ್ಲೇ ಉಳಿಯಿತು. ಅತ್ತೆ ಹೋದಳೆಂಬುದು ಮೊದಲು ತಿಳಿಯಿತು. ಗಂಡ ಅಲ್ಲಿದ್ದಾನೆಂಬುದು ಆಮೇಲೆ ತಿಳಿಯಿತು. ಅಳುವಿನ ನಡುವೆಯೇ ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಸುದ್ದಿ ಮುಟ್ಟಿದೆ. ಸೋಮಣ್ಣ ಹೇಳಿದ್ದಾನೆ, ಮೆಸೇಜು ಹೋಗಿದೆ, ಇವನು ದಾರಿಯಲ್ಲೇ ಬಸ್ಸು ಬದಲಿಸಿ ಹೋಗಿದ್ದಾನೆ. ಅವನು ಬರೆದದ್ದು ಅವನಿಗೇ ಉಪಯೋಗಕ್ಕೆ ಬಂತು.

ಮೋಟೆಬೆನ್ನೂರು ದಾಟಿ ಸ್ವಲ್ಪ ದೂರ ಹೋದರೆ ಬ್ಯಾಡಗಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಸುಗ್ಗಿಯ ಕಾಲ, ಸೋಮವಾರದ ಪೇಟೆ. ಮೆಣಸಿನಕಾಯಿ ಚೀಲಗಳ ಲಾರಿಗಳು ಊರ ಹೊರಗಿನವರೆಗೆ ಸಾಲುಗಟ್ಟಿದ್ದವು. ಬಸ್ಸಿನಲ್ಲಿ ಒಬ್ಬ ಸೀನಿದರೆ ಹತ್ತು ಜನ ಸೀನಿದರು. ಇಳಿದು ನಡೆಯುವಾಗ ದಾರಿಯಲ್ಲಿ ಎದುರಾದವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಈ ಊರಿನಲ್ಲಿ ಈ ತಿಂಗಳಲ್ಲಿ ಯಾರು ಅಳುತ್ತಿದ್ದಾರೆ, ಯಾರಿಗೆ ಘಾಟು ಎಂದು ತಿಳಿಯುವುದಿಲ್ಲ. ಮನೆ ಇದ್ದುದು ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲೇ, ಬಲಗಡೆಯ ಓಣಿ. ಓಣಿಯ ಬಾಯಿಗೆ ಜನ ನಿಂತಿದ್ದರು.

ಗದಿಗೆವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಭಜನೆಯವರು ದನಿ ಕಟ್ಟಿ ಚಹಾ ಕುಡಿಯುತ್ತಿದ್ದರು. ಅವಳ ಒಂದು ಬದಿಗೆ ಸೋಮಣ್ಣ, ಇನ್ನೊಂದು ಬದಿಗೆ ಕೊಟ್ರೇಶ. ನಡುವೆ ಅವ್ವ ಕೂತು ಇಬ್ಬರನ್ನೂ ಸಮಾಧಾನ ಮಾಡುತ್ತಿರುವಂತೆ ಕಾಣುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಕೊಟ್ರೇಶನ ತೊಡೆಯ ಮೇಲೆ ಮಡಚಿದ ಒಂದು ಖಾಲಿ ಗೋಣಿಚೀಲ. ನೆಲ ತಣ್ಣಗಿದೆಯೆಂದು ಯಾರೋ ಹಾಸಿಕೊಳ್ಳಲು ಕೊಟ್ಟಿರಬೇಕು, ಹಾಸಿಕೊಳ್ಳುವುದನ್ನೂ ಮರೆತು ಕೂತಿದ್ದಾನೆ ಎಂದುಕೊಂಡಳು ನಿರ್ಮಲಾ. ಅತ್ತೆಯ ಪಾದಕ್ಕೆ ಹಣೆಯಿಟ್ಟು ಅತ್ತಳು. ಎದ್ದು ಹೆಂಗಸರ ನಡುವೆ ಕೂತಳು.

“ತಮ್ಮಗ ಹೆಂಗ ಗೊತ್ತಾತವಾ?” ಎಂದಳೊಬ್ಬ ಮುದುಕಿ. “ಜೀವ ಹೋಗಿ ಇನ್ನಾ ಹೊತ್ತೇ ಆಗಿರಲಿಲ್ಲ, ಬಂದು ನಿಂತಾ.”

“ಹೆತ್ತ ಕರುಳು ಎಳಕೊಂಡು ಬಂದೈತಿ,” ಎಂದಳು ಇನ್ನೊಬ್ಬಳು.

“ಕರುಳಲ್ರೀ ಯವ್ವಾ, ಕಂಪ್ಯೂಟರ್!” ಎನ್ನುತ್ತ ಒಳಗೆ ಬಂದವರು ಮೈಲಾರೆಪ್ಪನವರು. ಹಾವೇರಿಯಿಂದ ಹಾರ ತಂದಿದ್ದರು. ಹಾರ ಹಾಕಿ ಕೈಮುಗಿದು ಕೂತು, ಎಲ್ಲರಿಗೂ ಕೇಳುವಂತೆ ಹೇಳಿದರು. “ಸೋಮಣ್ಣಾರು ತಾವ ಬೂತಿಗೆ ಬಂದು ಹಾಕಸ್ಯಾರ. ಒಬ್ಬರನ್ನೂ ಬಿಡಬ್ಯಾಡ ಅಂದಾರ. ಎಷ್ಟ ವರ್ಷ ಮಾತಿರಲಿಲ್ಲ ಅಣ್ಣ ತಮ್ಮಗ! ಒಂದು ಮೆಸೇಜ್, ನೋಡ್ರಿ, ಇಬ್ಬರನ್ನೂ ಒಂದ ಗ್ವಾಡಿಗೆ ಕುಂದ್ರಸ್ತು. ನಾಳಿ ಮುಖಪುಟಕ್ಕ ಇದ.”

ಸೋಮಣ್ಣ ತಲೆಯೆತ್ತಲಿಲ್ಲ. ಆದರೆ ಅಲ್ಲವೆನ್ನಲೂ ಇಲ್ಲ. ಅವನ ಗಟ್ಟಿ ದವಡೆ ಒಂದಿಷ್ಟು ಸಡಿಲಾದಂತೆ ನಿರ್ಮಲಾಗೆ ಕಂಡಿತು.

ಮೌಲಾಸಾಬ ಬಾಗಿಲ ಹೊರಗಿನಿಂದ ಕೈಸನ್ನೆ ಮಾಡಿ ಕರೆದ. ಅವಳು ಎದ್ದು ಹೋದಳು.

“ಅಕ್ಕಾರ, ಮಾಲಕರ ಮುಂದ ನಾ ಹೇಳಿಲ್ಲ. ಸೋಮಣ್ಣಾರು ನಸಿಕಿನ್ಯಾಗ ಬಂದ್ರು. ‘ಅಂವನ ನಂಬರ್ ಇದರಾಗ ಐತೇನೋ ಮೌಲಾ’ ಅಂದ್ರು. ಐತ್ರಿ, ಕಡೀಕ ಐತಿ ಅಂದೆ. ‘ಹಂಗಾರ ಹಾಕು. ನಾ ಬಾಯಿಲೆ ಹೇಳಿದಂಗಾಗಂಗಿಲ್ಲ, ಅಂವಗ ಹೇಳಿಲ್ಲ ಅನ್ನಾಕ ಬರಂಗಿಲ್ಲ’ ಅಂದ್ರು. ಅಳಾಕತ್ತಿದ್ರು. ನಾ ಹಾಕಿದೆ. ಪೂರಾ ಹೋಗಲಿಲ್ರಿ. ಏನೋ ಇಂಗ್ಲಿಷಿನ್ಯಾಗ ಬಂದು ನಿಂತಬಿಡ್ತು. ಮ್ಯಾಲಿನ ಒಂದಿಷ್ಟು ಮಂದಿಗೆ ಹೋಗೈತಿ. ತಿರಕಪ್ಪನ ಹೆಸರಿನ ತನ ಬಂದು ನಿಂತೈತಿ. ನಿಮಗ ಫೋನ್ ಮಾಡಬೇಕನ್ನೂದ್ರಾಗ ಸರ್ ಬಂದ ನಿಂತಿದ್ರು. ಮತ್ತ ಅವರಿಗೆ ಹೆಂಗ ಮುಟ್ಟಿತ್ರಿ?”

ನಿರ್ಮಲಾಗೆ ಈಗ ಹೊಳೆಯಿತು. ಹೆಸರಿದೆ, ನಂಬರಿಲ್ಲ. ಪ್ರೋಗ್ರಾಮು ಒಬ್ಬೊಬ್ಬರಿಗೇ ಹೇಳುತ್ತ ಬಂದು ತಿರಕಪ್ಪನ ಮುಂದೆ ನಿಂತಿದೆ, ಎಲ್ಲಿಗೆ ಹೇಳಬೇಕೆಂದು ತಿಳಿಯದೆ ಎಡವಿದೆ, ಅಲ್ಲೇ ಬಿದ್ದಿದೆ. ಅವನ ಹಿಂದೆ ನಿಂತವರಿಗೆ ಯಾರಿಗೂ ಹೇಳಿಲ್ಲ. ಎಲ್ಲರ ಹಿಂದೆ, ಕೊನೆಯಲ್ಲಿ ಕೊಟ್ರೇಶ. ಒಬ್ಬರಿಗೆ ಮುಟ್ಟದಿದ್ದರೆ ಎಂದು ಕೇಳಿದವಳು ಅವಳೇ. ನಂಬರು ಅಳಿಸಲು ಹೇಳಿದವಳೂ ಅವಳೇ.

ಮಣ್ಣು ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಬ್ಬರು ಮಕ್ಕಳೂ ಹೆಗಲು ಕೊಟ್ಟರು, ಇಬ್ಬರೂ ಮುಷ್ಟಿ ಮಣ್ಣು ಹಾಕಿದರು. ಮನೆಗೆ ಬಂದು ಕಾಲು ತೊಳೆದು ಎಲ್ಲರೂ ಅಂಗಳದಲ್ಲಿ ಕೂತರು. ಅದೇ ಅಂಗಳ. ಮೈಲಾರೆಪ್ಪನವರು ಪೆನ್ನು ತೆಗೆದು ಕಾಯುತ್ತಿದ್ದರು. ನಿರ್ಮಲಾ ಗಂಡನ ಕಣ್ಣು ಹಿಡಿಯಲು ನೋಡಿದಳು. ಏನೂ ಹೇಳಬೇಡ, ಹೂಂ ಅಂದುಬಿಡು ಎಂದು ಕಣ್ಣಿನಲ್ಲೇ ಹೇಳಬೇಕಾಗಿತ್ತು. ಎಷ್ಟೋ ವರ್ಷದ ಮೇಲೆ ಆ ಮನುಷ್ಯ ಹೇಳಿ ಕಳಿಸಿದ್ದಾನೆ. ಮುಟ್ಟಿತು ಎಂದರೆ ಸಾಕಿತ್ತು. ಕೊಟ್ರೇಶ ನೆಲ ನೋಡುತ್ತ, ಮಡಚಿದ ಗೋಣಿಚೀಲವನ್ನು ಇನ್ನೊಂದು ಮಡಿಕೆ ಮಡಚುತ್ತಿದ್ದ.

ಸೋಮಣ್ಣ ಗಂಟಲು ಸರಿಮಾಡಿಕೊಂಡ.

“ಲಗೂನ ಬಂದಿ. ಚಲೋ ಆತು,” ಎಂದ ಅವನು, ತಮ್ಮನನ್ನಲ್ಲ, ಅಂಗಳದ ಕಲ್ಲನ್ನು ನೋಡುತ್ತ. ಆಮೇಲೆ ತಮ್ಮನ ಕಡೆ ತಿರುಗಿದ. “ನಾ ಹೇಳಿ ಕಳಿಸಿದ್ದು ಎಷ್ಟೊತ್ತಿಗೆ ಮುಟ್ಟಿತು ನಿನಗ?”

ಕೊಟ್ರೇಶ ಜೇಬಿನಿಂದ ಮೊಬೈಲು ತೆಗೆದ. ಚಷ್ಮಾ ಹಣೆಗೇರಿಸಿ ಮೂಗಿನ ಹತ್ತಿರ ತಂದು ನೋಡಿದ. ಮತ್ತೆ ಜೇಬಿಗಿಟ್ಟ.

“ಏನೂ ಮುಟ್ಟಿಲ್ಲಣ್ಣ,” ಎಂದ. “ಮೆಣಸಿನಕಾಯಿ ಒಯ್ಯಾಕ ಬಂದಿದ್ದೆ. ಪ್ರತಿ ವರ್ಷ ಈ ಓಣಿ ಮುಂದ ಹಾಯ್ದ ಹೊಕ್ಕೇನಿ. ಇವತ್ತ ಮಂದಿ ಕಂಡ್ರು.”